ಜೇಡಿಮಣ್ಣಿನ ಅಂಗಳಕ್ಕೆ ಪ್ಲಾಸ್ಟಿಕ್ ಗರಿಕೆ

ಚೆನ್ನೈಯಂತಹ ಮಹಾನಗರದಲ್ಲಿ ಮನೆಯ ಮುಂದೆ ಹತ್ತು ಹೆಜ್ಜೆ ಮಣ್ಣಿನ ಅಂಗಳವುಳ್ಳವರನ್ನು ಭಾಗ್ಯವಂತರೆಂದೇ ಕರೆಯಬೇಕು. ಬೆಳಗಿನ ರಂಗವಲ್ಲಿಗೆ, ತುಳಸಿಕಟ್ಟೆಗೆ, ಸಂಜೆ ಮೊಮ್ಮಕ್ಕಳ ಓಡಾಟಕ್ಕೆ ಅಷ್ಟು ನೆಲ ದೊರೆತರೆ ಊರು ಬಿಟ್ಟು ಬಂದವರಿಗೆ ಊರೇ ಜೊತೆಗೆ ಬಂದಂತಾಗುತ್ತದೆ. ಆದರೆ ಈ ಭಾಗ್ಯಕ್ಕೂ ಒಂದು ಕೊರತೆಯುಂಟು. ಐಪಸಿ, ಕಾರ್ತಿಕ ಮಾಸಗಳ ಮಳೆ ಹಿಡಿದುಕೊಂಡಿತೆಂದರೆ ಆ ಅಂಗಳವು ವಾರಗಟ್ಟಲೆ ಕೆಸರಿನ ಹೊಂಡವಾಗಿ ನಿಲ್ಲುತ್ತದೆ. ಚಪ್ಪಲಿಗೆ ಅಂಟಿದ ಮಣ್ಣು ಹೊಸ್ತಿಲು ದಾಟಿ ದೇವರ ಮನೆಯವರೆಗೂ ಬರುತ್ತದೆ. ವಯಸ್ಸಾದವರು ಬಾಗಿಲಿಂದ ಗೇಟಿನವರೆಗೆ ಹೋಗಲು ಅಂಜುತ್ತಾರೆ. ಇಂತಹ ಗೃಹಸ್ಥರ ಕಣ್ಣಿಗೆ ಇತ್ತೀಚಿನ ವರ್ಷಗಳಲ್ಲಿ ಬಿದ್ದಿರುವ ಪರಿಹಾರವೇ ಕೃತಕ ಹುಲ್ಲು. ಜಮಖಾನೆಯಂತೆ ಸುರುಳಿ ಸುತ್ತಿ ತಂದು, ಒಂದೇ ದಿನದಲ್ಲಿ ಹಾಸಿ, ವರ್ಷವಿಡೀ ಹಸಿರಾಗಿರುವ ಅಂಗಳವನ್ನು ಒಪ್ಪಿಸಿ ಹೋಗುವ ವ್ಯಾಪಾರಿಗಳಿಗೆ ಈಗ ಯಾವ ಬಡಾವಣೆಯಲ್ಲಿಯೂ ಕೊರತೆಯಿಲ್ಲ.

ಈ ವಸ್ತುವಿನ ಜನ್ಮವೃತ್ತಾಂತವೇ ಸ್ವಾರಸ್ಯಕರವಾಗಿದೆ. ಅಮೆರಿಕದ ಹ್ಯೂಸ್ಟನ್ ನಗರದಲ್ಲಿ 1965ರಲ್ಲಿ ಆಸ್ಟ್ರೋಡೋಮ್ ಎಂಬ ಮುಚ್ಚು ಚಾವಣಿಯ ಕ್ರೀಡಾಂಗಣ ತೆರೆಯಿತು. ಗಾಜಿನಂತಹ ಚಾವಣಿಯಿಂದ ಇಳಿದ ಬೆಳಕು ಆಟಗಾರರ ಕಣ್ಣು ಕುಕ್ಕಿತೆಂದು ಅದಕ್ಕೆ ಬಣ್ಣ ಬಳಿದರು. ಬೆಳಕು ಕಾಣದ ಹುಲ್ಲು ಸತ್ತುಹೋಯಿತು. 1966ರಲ್ಲಿ ಅದರ ಸ್ಥಾನಕ್ಕೆ ರಾಸಾಯನಿಕ ಹುಲ್ಲು ಬಂದು, ಆ ಕ್ರೀಡಾಂಗಣದ ಹೆಸರಿನಿಂದಲೇ ಆಸ್ಟ್ರೋಟರ್ಫ್ ಎಂದು ಪ್ರಸಿದ್ಧವಾಯಿತು. ಭಾರತೀಯರಿಗೆ ಅದರ ಪರಿಚಯವಾದದ್ದು ಕಹಿಯಾಗಿ. 1928ರಿಂದ 1972ರವರೆಗೆ ಪ್ರತಿಯೊಂದು ಒಲಿಂಪಿಕ್ಸಿನಲ್ಲಿಯೂ ಹಾಕಿ ಪದಕವನ್ನು ತಂದ ಭಾರತ ತಂಡವು, ಕೃತಕ ಹಾಸಿನ ಮೇಲೆ ಮೊದಲ ಬಾರಿಗೆ ಒಲಿಂಪಿಕ್ ಹಾಕಿ ನಡೆದ 1976ರ ಮಾಂಟ್ರಿಯಲ್ ಕ್ರೀಡೆಗಳಲ್ಲಿ ಏಳನೆಯ ಸ್ಥಾನಕ್ಕೆ ಇಳಿಯಿತು. ಸೋಲಿಗೆ ಹಾಸೊಂದೇ ಕಾರಣವೆನ್ನಲಾಗದು. ಇಲ್ಲಿ ಗಮನಿಸಬೇಕಾದದ್ದು ಬೇರೆ. ಹಾಕಿ ಮೈದಾನದ ಕೃತಕ ಹಾಸು ಮಣ್ಣಿನ ಮೇಲೆ ಮಲಗಿರುವುದಿಲ್ಲ. ಅದರಡಿಯಲ್ಲಿ ಜಲ್ಲಿಯ ಪದರ, ಅದರ ಮೇಲೆ ಡಾಮರಿನ ಪದರ, ಅಳೆದು ಕೊಟ್ಟ ಇಳಿಜಾರು, ಸುತ್ತಲೂ ಚರಂಡಿ ಇರುತ್ತವೆ. ಮನೆಯ ಅಂಗಳಕ್ಕೆ ಬರುವಾಗ ಹುಲ್ಲು ಮಾತ್ರ ಬಂದಿತು. ಅದನ್ನು ಹೊತ್ತು ನಿಲ್ಲಬೇಕಾದ ನೆಲದ ವಿಚಾರವು ಕ್ರೀಡಾಂಗಣದಲ್ಲಿಯೇ ಉಳಿಯಿತು.

ಚೆನ್ನೈಯ ನೆಲವಾದರೂ ಒಂದೇ ಬಗೆಯದಲ್ಲ. ತಿರುವಾನ್ಮಿಯೂರು, ಅಡಯಾರು, ಸ್ಯಾಂತೋಮ್‌ಗಳಂತಹ ಕಡಲಂಚಿನ ಬಡಾವಣೆಗಳಲ್ಲಿ ಮರಳು. ಗಿಂಡಿಯ ಕಡೆ ಬಂಡೆ. ತ್ಯಾಗರಾಯನಗರ, ಪಶ್ಚಿಮ ಮಾಂಬಲಂ, ಅಣ್ಣಾನಗರ, ಕೊಳತ್ತೂರು, ಪೆರಂಬೂರು, ವಿರುಗಂಬಾಕ್ಕಂಗಳಲ್ಲಿ ಜೇಡಿ. ಇಂದಿನ ತ್ಯಾಗರಾಯನಗರದ ಜಾಗದಲ್ಲಿ ಆಂಗ್ಲರು ಉದ್ದನೆಯ ಕೆರೆಯೆಂದು ಕರೆಯುತ್ತಿದ್ದ ಒಂದು ದೊಡ್ಡ ಜಲಾಶಯವಿತ್ತು. 1920ರ ದಶಕದಲ್ಲಿ ಅದನ್ನು ಬರಿದುಮಾಡಿ ಬಡಾವಣೆ ಕಟ್ಟಿದರು. ಕೆರೆಯ ಪಾತ್ರದಲ್ಲಿ ಶತಮಾನಗಳ ಹೂಳು ಕುಳಿತಿರುತ್ತದೆ. ನೀರನ್ನು ಕೆಳಕ್ಕೆ ಬಿಡದಿರುವುದೇ ಆ ಹೂಳಿನ ಸ್ವಭಾವ. ಬಿಟ್ಟಿದ್ದರೆ ಅದು ಕೆರೆಯಾಗಿ ನಿಲ್ಲುತ್ತಲೇ ಇರಲಿಲ್ಲ. ಮಳೆಗಾಲದಲ್ಲಿ ತಮ್ಮ ಬೀದಿ ಕೆರೆಯಾಯಿತೆಂದು ದೂರುವವರು, ಅದು ತನ್ನ ಹಳೆಯ ವೃತ್ತಿಗೆ ಮರಳಿತೆಂಬುದನ್ನು ಮರೆಯುತ್ತಾರೆ.

ಜೇಡಿಯ ಈ ಹಠಕ್ಕೆ ಕಾರಣವು ಅದರ ಕಣದಲ್ಲಿದೆ. ಮಣ್ಣುಶಾಸ್ತ್ರದಲ್ಲಿ 0.002 ಮಿಲಿಮೀಟರಿಗಿಂತ ಸಣ್ಣ ಕಣಕ್ಕೆ ಜೇಡಿಯೆಂದು ಹೆಸರು. ದಪ್ಪ ಮರಳಿನ ಕಣವು ಅದರ ಸಾವಿರಪಾಲು ದೊಡ್ಡದು. ಆಶ್ಚರ್ಯವೆಂದರೆ, ಮರಳಿಗಿಂತ ಜೇಡಿಯ ಒಳಗೇ ಒಟ್ಟು ಟೊಳ್ಳು ಹೆಚ್ಚು. ಆದರೆ ಆ ಟೊಳ್ಳುಗಳು ಅತಿ ಸೂಕ್ಷ್ಮವಾದುದರಿಂದ ಒಳಹೊಕ್ಕ ನೀರು ಅಲ್ಲಿಯೇ ಸಿಕ್ಕಿಬೀಳುತ್ತದೆ. ಮರಳು ನೆಲವು ಗಂಟೆಗೆ 30 ಮಿಲಿಮೀಟರಿಗೂ ಮಿಕ್ಕಿ ನೀರು ಕುಡಿದರೆ, ಜೇಡಿಯು ಕುಡಿಯುವುದು 1ರಿಂದ 5 ಮಿಲಿಮೀಟರು ಮಾತ್ರ. ಅದೂ ತಣಿದ ಮೇಲೆ ಇನ್ನೂ ಕಡಮೆ. ಇಷ್ಟು ಸಾಲದೆಂಬಂತೆ, ಕೆಲವು ಜಾತಿಯ ಜೇಡಿಗಳು ನೆನೆದಾಗ ಉಬ್ಬಿ, ಒಣಗಿದಾಗ ಕುಗ್ಗಿ ಬಿರಿಯುತ್ತವೆ. ಧಾರವಾಡ, ವಿಜಯಪುರ, ಕಲಬುರಗಿಗಳ ಎರೆಹೊಲಗಳನ್ನು ಕಂಡವರಿಗೆ ಇದನ್ನು ವಿವರಿಸಬೇಕಾಗಿಲ್ಲ. ಬೇಸಗೆಯಲ್ಲಿ ಆ ಬಿರುಕುಗಳಲ್ಲಿ ಕೋಲು ಇಳಿಯುತ್ತದೆ. ಮುಂಗಾರಿನಲ್ಲಿ ಅದೇ ನೆಲ ಎತ್ತಿನ ಗೊರಸನ್ನು ಹಿಡಿದು ಬಿಡುವುದಿಲ್ಲ. ಪುಣೆ, ಹೈದರಾಬಾದುಗಳ ಕರಿಮಣ್ಣಿನ ಬಡಾವಣೆಗಳಲ್ಲಿ ನೆಲಸಿರುವ ಕನ್ನಡಿಗರಿಗೂ ಇದು ಅನುಭವದ ಮಾತೇ.

ಇಂತಹ ನೆಲದ ಮೇಲೆ ಕೃತಕ ಹುಲ್ಲನ್ನು ಹಾಸುವವರು ಸಾಮಾನ್ಯವಾಗಿ ಹೇಳುವ ಸಮಾಧಾನವೊಂದುಂಟು: ಹಾಸಿನ ಬೆನ್ನಿನಲ್ಲಿ ರಂಧ್ರಗಳಿವೆ, ಎಷ್ಟು ಮಳೆ ಬಂದರೂ ಕ್ಷಣದಲ್ಲಿ ಇಳಿದುಹೋಗುತ್ತದೆ. ರಂಧ್ರಗಳಿರುವುದು ನಿಜ, ಅವುಗಳ ಮೂಲಕ ಗಂಟೆಗೆ ನೂರಾರು ಮಿಲಿಮೀಟರು ನೀರು ಇಳಿಯಬಲ್ಲುದೆಂಬುದೂ ನಿಜ. ಆದರೆ ಇಳಿದು ಹೋಗುವುದೆಲ್ಲಿಗೆ? ಅದು ಹಾಸಿನ ಗುಣವೇ ಹೊರತು ನೆಲದ ಗುಣವಲ್ಲ.

ಲೆಕ್ಕವನ್ನು ಯಾರಾದರೂ ಮಾಡಿ ನೋಡಬಹುದು. ಅಂಗಳದ ವಿಸ್ತೀರ್ಣ 40 ಚದರ ಮೀಟರು, ಎಂದರೆ ಸುಮಾರು 430 ಚದರ ಅಡಿ ಎಂದಿಟ್ಟುಕೊಂಡರೆ, ಗಂಟೆಗೆ 50 ಮಿಲಿಮೀಟರು ಮಳೆ ಸುರಿದಾಗ ಅದರ ಮೇಲೆ ಬೀಳುವ ನೀರು 2,000 ಲೀಟರು. ಮನೆಯವರು ಜಾಗ್ರತೆಯುಳ್ಳವರಾಗಿ ಹಾಸಿನಡಿಯಲ್ಲಿ 100 ಮಿಲಿಮೀಟರು ಜಲ್ಲಿಯನ್ನು ಹಾಕಿಸಿದ್ದಾರೆಂದೇ ಭಾವಿಸೋಣ. ಜಲ್ಲಿಯ ಸಂದುಗಳು ಅದರ ಗಾತ್ರದ ಮೂರನೆಯ ಒಂದು ಭಾಗಕ್ಕಿಂತ ತುಸು ಹೆಚ್ಚು. ಅದರಲ್ಲಿ ಹಿಡಿಯುವ ನೀರು ಸುಮಾರು 1,400 ಲೀಟರು. ಕೆಳಗಿನ ಜೇಡಿ ತನ್ನ ಔದಾರ್ಯದ ಪರಮಾವಧಿಯಲ್ಲಿ ಗಂಟೆಗೆ 200 ಲೀಟರನ್ನು ಕುಡಿದೀತು. ಹೀಗಾಗಿ ಸುಮಾರು ಮುಕ್ಕಾಲು ಗಂಟೆಯಲ್ಲಿ ಜಲ್ಲಿಯ ಪದರ ತುಂಬಿ, ನೀರು ಹಾಸಿನ ರಂಧ್ರಗಳಿಂದಲೇ ಮೇಲಕ್ಕೆ ಬರತೊಡಗುತ್ತದೆ. ಜೇಡಿಯಲ್ಲಿ ತೋಡಿ ಜಲ್ಲಿ ತುಂಬಿದ ಗುಂಡಿಯು, ದಾರಿ ಬಿಡದಿದ್ದರೆ, ಸ್ನಾನದ ತೊಟ್ಟಿಯೇ ಸರಿ. ಮಳೆ ನಿಂತ ಮೇಲೂ ದಿನಗಟ್ಟಲೆ ಆ ತೊಟ್ಟಿ ಬರಿದಾಗುವುದಿಲ್ಲ. ಕಾಲಿಟ್ಟಲ್ಲಿ ಹಾಸು ಕುಲುಕುತ್ತದೆ, ಕೆಳಗಿನ ಜೇಡಿ ಅಂಬಲಿಯಾಗಿ ಜಲ್ಲಿಯ ಸಂದುಗಳಿಗೆ ಏರುತ್ತದೆ, ಮರುವರ್ಷಕ್ಕೆ ಆ 1,400 ಲೀಟರಿನ ಜಾಗವೂ ಉಳಿಯುವುದಿಲ್ಲ.

ಇದು ಸಾಧಾರಣ ಮಳೆಯ ಮಾತಾಯಿತು. 2015ರ ಡಿಸೆಂಬರ್ 1ರಂದು ಬೆಳಗಿನಿಂದ ಮರುದಿನ ಬೆಳಗಿನೊಳಗೆ ತಾಂಬರಂನಲ್ಲಿ 49 ಸೆಂಟಿಮೀಟರು ಮಳೆ ದಾಖಲಾಯಿತು. ಮೇಲೆ ಹೇಳಿದ ಅಂಗಳದ ಮೇಲೆ ಅದು ಸುಮಾರು 19,600 ಲೀಟರು, ಎರಡು ದೊಡ್ಡ ಲಾರಿಗಳಷ್ಟು ನೀರು. (2019ರ ಬೇಸಗೆಯಲ್ಲಿ ಅಂತಹ ಒಂದು ಲಾರಿಗಾಗಿ ರಾತ್ರಿಯಿಡೀ ಕಾದವರಲ್ಲಿ ಅದೇ ಮನೆಯವರೂ ಇದ್ದಿರಬಹುದು.) ಚೆಂಬರಂಬಾಕ್ಕಂ ಕೆರೆಯ ನೀರು ಬಿಟ್ಟು ಅಡಯಾರು ನದಿ ದಡ ಮೀರಿದ ಮೇಲಂತೂ ಅಂಗಳವೊಂದರ ಇಳಿಜಾರು, ಚರಂಡಿಗಳ ಮಾತಿಗೆ ಅರ್ಥವೇ ಉಳಿಯಲಿಲ್ಲ. 2021ರ ನವೆಂಬರಿನಲ್ಲಿ ಮಾಂಬಲಂ, ಕೊಳತ್ತೂರುಗಳು ನೀರಿನಲ್ಲಿ ನಿಂತವು. 2023ರ ಡಿಸೆಂಬರಿನ ಮಿಚಾಂಗ್ ಚಂಡಮಾರುತದಲ್ಲಿ ಪಳ್ಳಿಕ್ಕರಣೆಯ ಜೌಗಿನ ಸುತ್ತಣ ಬಡಾವಣೆಗಳು ದಿನಗಟ್ಟಲೆ ಮುಳುಗಿದ್ದವು. ಬೀದಿಯ ನೀರು ಅಂಗಳದ ನೀರಿಗಿಂತ ಎತ್ತರದಲ್ಲಿರುವಾಗ ಚರಂಡಿಯ ಕೊಳವೆಯು ಹೊರಕ್ಕೆ ಒಯ್ಯುವುದರ ಬದಲು ಒಳಕ್ಕೆ ತರುತ್ತದೆ. ಆಗ ಅಂಚು ಕಿತ್ತ ಹಾಸು ತೇಲುತ್ತದೆ. ಎಳೆಗಳು ನೆಟ್ಟಗಿರಲೆಂದು ಸುರಿದ ಮರಳು ಕೊಚ್ಚಿಹೋಗುತ್ತದೆ. ನೀರು ಇಳಿದ ಮೇಲೆ ಎಳೆಯೆಳೆಯ ನಡುವೆ ಒಳಚರಂಡಿಯ ಹೂಳು ಕುಳಿತಿರುತ್ತದೆ.

ಈ ಹೂಳಿನಿಂದಲೇ ಆರೋಗ್ಯದ ಪ್ರಶ್ನೆ ಆರಂಭವಾಗುತ್ತದೆ. ನೆರೆಯ ನೀರಿನಲ್ಲಿ ಇಲಿಗಳ ಮೂತ್ರ ಬೆರೆತಿರುವುದು ಸರ್ವಸಾಮಾನ್ಯ. ಅದರಿಂದ ಹರಡುವ ಲೆಪ್ಟೊಸ್ಪೈರೋಸಿಸ್ ಅಥವಾ ಇಲಿಜ್ವರವು ಕಾಲಿನ ಸಣ್ಣ ಗೀರುಗಾಯದ ಮೂಲಕವೂ ದೇಹವನ್ನು ಪ್ರವೇಶಿಸಬಲ್ಲುದು. 2005ರ ಜುಲೈ 26ರಂದು ಸಾಂತಾಕ್ರೂಜ್‌ನಲ್ಲಿ 944 ಮಿಲಿಮೀಟರು ಮಳೆ ಸುರಿದ ಬಳಿಕ ಮುಂಬಯಿಯಲ್ಲಿ ಈ ಜ್ವರ ಹಬ್ಬಿದುದನ್ನು ಅಲ್ಲಿಯ ಕನ್ನಡಿಗರು ಮರೆತಿರಲಾರರು. ನೆರೆಯ ನೀರನ್ನು ತುಳಿದ ಒಂದೆರಡು ವಾರಗಳಲ್ಲಿ ಜ್ವರ, ಮೀನಖಂಡದ ತೀವ್ರ ನೋವು, ಕಣ್ಣು ಕೆಂಪಾಗುವಿಕೆ ಕಂಡುಬಂದರೆ ವೈದ್ಯರಿಗೆ ಆ ನೀರಿನ ಸಂಗತಿಯನ್ನು ತಪ್ಪದೆ ತಿಳಿಸಬೇಕು. ಮಣ್ಣಿನ ಅಂಗಳದ ಮೇಲಣ ಹೂಳು ಬಿಸಿಲಿಗೆ ಒಣಗಿ, ಕೆರೆದು ತೆಗೆಯಲು ಬರುತ್ತದೆ. ಪ್ಲಾಸ್ಟಿಕ್ ಎಳೆಗಳ ಬುಡದಲ್ಲಿ ಸಿಕ್ಕಿದ್ದು ತೇವವನ್ನು ಹಿಡಿದುಕೊಂಡೇ ಇರುತ್ತದೆ, ಮತ್ತು ಮೇಲೆ ನೀರು ಹೊಯ್ದು ತೊಳೆದವರಿಗೆ ಅಂಗಳ ಶುಭ್ರವಾಯಿತೆಂಬ ಭ್ರಮೆಯನ್ನು ಹುಟ್ಟಿಸುತ್ತದೆ. ಅಂಚು ಸಡಿಲಿಸಿದ ಹಾಸಿನಡಿಯ ಸಡಿಲು ಜಲ್ಲಿಯಲ್ಲಿ ಇಲಿ ಬಿಲ ತೋಡುವುದಕ್ಕೂ ಅಡ್ಡಿಯಿಲ್ಲ.

ಮಧುಮೇಹಿಗಳಿಗೆ ಮತ್ತೊಂದು ಎಚ್ಚರಿಕೆ ಅಗತ್ಯ. ತೇವದ ಮಣ್ಣಿನಲ್ಲಿಯೂ ನೀರಿನಲ್ಲಿಯೂ ಬಾಳುವ ಒಂದು ಸೂಕ್ಷ್ಮಾಣುವಿನಿಂದ ಮೆಲಿಯಾಯ್ಡೋಸಿಸ್ ಎಂಬ ಗಂಭೀರ ಸೋಂಕು ಬರುತ್ತದೆ. ಉಡುಪಿ, ಮಂಗಳೂರು ಕಡೆಯ ಆಸ್ಪತ್ರೆಗಳಲ್ಲಿ ಇದರ ರೋಗಿಗಳು ಅನೇಕರು ಪತ್ತೆಯಾಗಿದ್ದಾರೆ. ಅವರಲ್ಲಿ ಮಧುಮೇಹವುಳ್ಳವರೇ ಹೆಚ್ಚು. ಹಾಸನ್ನು ಎತ್ತಿ ಅಡಿಯ ಕೆಸರನ್ನು ತೆಗೆಯುವ ಕೆಲಸಕ್ಕೆ ಅಂತಹವರು ಕೈ ಹಾಕದಿರುವುದು ಲೇಸು. ಯಾರೇ ಮಾಡಿದರೂ ಮೊಣಕಾಲುದ್ದದ ರಬ್ಬರ್ ಬೂಟು, ಕೈಗವಸು ಬೇಕೇ ಬೇಕು. ತೊಳೆದ ಮೇಲೆ ಬ್ಲೀಚಿಂಗ್ ಪುಡಿಯ ದ್ರಾವಣವನ್ನು ಬಳಸುವವರು ಅದರೊಡನೆ ಶೌಚಾಲಯದ ಆಮ್ಲವನ್ನು ಎಂದಿಗೂ ಬೆರೆಸಬಾರದು. ಹೊರಬೀಳುವ ಕ್ಲೋರಿನ್ ಅನಿಲವು ಶ್ವಾಸಕೋಶವನ್ನು ಸುಡುತ್ತದೆ.

ಸೊಳ್ಳೆಯ ವಿಷಯದಲ್ಲಿ ಮಾತ್ರ ಉತ್ಪ್ರೇಕ್ಷೆ ಬೇಡ. ಜಲ್ಲಿಯ ಸಂದಿನ ಕತ್ತಲೆಯ ನೀರಿನಲ್ಲಿ ಡೆಂಗೆಯ ಸೊಳ್ಳೆ ಸಂಸಾರ ಹೂಡುವುದು ಕಷ್ಟ. ಅದಕ್ಕೆ ಬೇಕಾದದ್ದು ತೆರೆದ ನಿಂತ ನೀರು, ಮತ್ತು ಹಾಸು ಕುಗ್ಗಿದ ತಗ್ಗುಗಳಲ್ಲಿ, ಮುಚ್ಚಳವಿಲ್ಲದ ಚರಂಡಿ ಗುಂಡಿಯಲ್ಲಿ ಅದು ದೊರೆಯುತ್ತದೆ. ವಾರಕ್ಕೊಮ್ಮೆ ಆ ಗುಂಡಿಯನ್ನು ಬರಿದುಮಾಡುವುದು ಸಾಕು. ಆದರೆ ಹಸಿರು ಹಾಸಿನ ಅಂದಕ್ಕಾಗಿ ಗುಂಡಿಯ ಮುಚ್ಚಳವನ್ನೇ ಹುಲ್ಲಿನಡಿ ಹೂತುಬಿಟ್ಟವರು ವಾರಕ್ಕೊಮ್ಮೆ ತೆರೆಯುವುದೇನನ್ನು?

ಮಳೆಗಾಲ ಕಳೆದು ಬೇಸಗೆ ಬಂದಾಗ ಇದೇ ಹಾಸು ಇನ್ನೊಂದು ರೂಪ ತಾಳುತ್ತದೆ. ಜೀವಂತ ಹುಲ್ಲು ನೀರಾವಿಯನ್ನು ಹೊರಬಿಟ್ಟು ತನ್ನನ್ನು ತಂಪಾಗಿರಿಸಿಕೊಳ್ಳುತ್ತದೆ. ಪ್ಲಾಸ್ಟಿಕ್ಕಿಗೆ ಆ ವಿದ್ಯೆ ಬಾರದು. ಪ್ರಖರ ಬಿಸಿಲಿನಲ್ಲಿ ಅದರ ಮೈ 60 ಡಿಗ್ರಿ ಸೆಲ್ಸಿಯಸ್ಸನ್ನು ದಾಟಬಲ್ಲುದು. ನೀರು ಚಿಮುಕಿಸಿದರೆ ಆರುವುದೂ ಬೇಗ, ಮತ್ತೆ ಕಾಯುವುದೂ ಬೇಗ. ಅಂಬೆಗಾಲಿಡುವ ಮಗುವಿನ ಅಂಗೈ ಮೊಣಕಾಲುಗಳಿಗೆ, ಮಧುಮೇಹದಿಂದ ಪಾದದ ಸ್ಪರ್ಶಜ್ಞಾನ ಕುಂದಿರುವ ಅಜ್ಜನ ಅಂಗಾಲಿಗೆ ಮೇ ತಿಂಗಳ ಮಧ್ಯಾಹ್ನದಲ್ಲಿ ಅದು ಅಪಾಯಕರ. ಅಜ್ಜನಿಗೆ ಬೊಬ್ಬೆ ಎದ್ದದ್ದು ಗೊತ್ತಾಗುವುದು ಸಂಜೆಗೆ. ಅಡಿಯ ಜೇಡಿಯೂ ಆಗ ಸುಮ್ಮನಿರುವುದಿಲ್ಲ; ಕುಗ್ಗಿ ಬಿರಿದು ಮೇಲಿನ ಹಾಸನ್ನು ಅಲೆಯಲೆಯಾಗಿಸುತ್ತದೆ, ಜೋಡಣೆಯ ಗೆರೆಗಳಲ್ಲಿ ಬಾಯಿ ಬಿಡಿಸುತ್ತದೆ. ಎಡವಿ ಬೀಳುವ ಭಯದಿಂದ ಹಾಸಿದ ಹಾಸೇ ಎಡವಲು ಕಾರಣವಾಗುತ್ತದೆ.

ಹಾಸಿನ ಎಳೆಗಳ ನಡುವೆ ಕೆಲವೆಡೆ ತುಂಬುವ ಹಳೆಯ ಟೈರಿನ ಕಾಳುಗಳ ಬಗೆಗೂ ಒಂದು ಮಾತು. ಇಂತಹ ಕಾಳುಗಳು ಸೂಕ್ಷ್ಮ ಪ್ಲಾಸ್ಟಿಕ್ಕಾಗಿ ನೀರು, ಮಣ್ಣುಗಳನ್ನು ಸೇರುತ್ತವೆಂಬ ಕಾರಣದಿಂದ ಐರೋಪ್ಯ ಒಕ್ಕೂಟವು 2023ರಲ್ಲಿ ನಿಯಮವೊಂದನ್ನು ಮಾಡಿ, 2031ರಿಂದ ಅವುಗಳ ಮಾರಾಟವನ್ನು ನಿಷೇಧಿಸಿದೆ. ವರ್ಷಕ್ಕೊಮ್ಮೆ ನೀರು ನುಗ್ಗುವ ಅಂಗಳದಿಂದ ಅವು ಎಲ್ಲಿಗೆ ಹೋಗುತ್ತವೆಂಬುದನ್ನು ಊಹಿಸಲು ನಿಯಮದ ಅಗತ್ಯವಿಲ್ಲ.

ಇಷ್ಟಾದರೂ ಕೃತಕ ಹುಲ್ಲನ್ನು ಬಯಸುವವರೆಲ್ಲರೂ ಆಡಂಬರಪ್ರಿಯರೆಂದು ತಳ್ಳಿಹಾಕುವುದು ನ್ಯಾಯವಲ್ಲ. ಎಪ್ಪತ್ತೈದು ದಾಟಿದ ತಾಯಿ ಜಾರುವ ಜೇಡಿಯ ಮೇಲೆ ಒಮ್ಮೆ ಬಿದ್ದು ತೊಡೆಯೆಲುಬಿನ ಕುತ್ತಿಗೆ ಮುರಿದುಕೊಂಡರೆ ಆ ಮನೆಯ ಬಾಳೇ ಬದಲಾಗುತ್ತದೆ. ಶಸ್ತ್ರಚಿಕಿತ್ಸೆ, ತಿಂಗಳುಗಟ್ಟಲೆ ಹಾಸಿಗೆ, ಆ ಬಳಿಕ ಊರುಗೋಲು. ಎಷ್ಟೋ ಮಂದಿ ಮತ್ತೆ ಮೊದಲಿನಂತೆ ನಡೆಯುವುದೇ ಇಲ್ಲ. ಅಂತಹ ಭಯದಿಂದ ಹಾಸು ತರಿಸಿದ ಮಗನನ್ನು ಹಳಿಯಬಾರದು. ಆದರೆ ಆತನಿಗೆ ಬೇಕಾದದ್ದು ಬಾಗಿಲಿನಿಂದ ಗೇಟಿನವರೆಗೆ, ತುಳಸಿಕಟ್ಟೆಯವರೆಗೆ ಜಾರದ ಒಂದು ದಾರಿ. ಒರಟು ಮೈಯ ಕಡಪಾ ಕಲ್ಲುಗಳನ್ನು ಸಂದು ಬಿಟ್ಟು ಜೋಡಿಸಿ, ಪಕ್ಕದಲ್ಲಿ ಹಿಡಿದುಕೊಳ್ಳಲು ಕಬ್ಬಿಣದ ಕಂಬಿ ಹಾಕಿಸಿದರೆ ಆ ಭಯ ಮುಕ್ಕಾಲುಪಾಲು ತೀರುತ್ತದೆ. ಇದಕ್ಕಾಗಿ ಇಡೀ ಅಂಗಳವನ್ನು ಮುಚ್ಚಬೇಕಾಗಿಲ್ಲ.

ಉಳಿದ ನೆಲಕ್ಕೆ ಗರಿಕೆಯೇ ಸಾಕು. ಗಣಪತಿಗೆ ಏರಿಸುವ ಈ ಹುಲ್ಲು ಬಡವಾಗಿ ಕಂಡರೂ ಬಲು ಗಟ್ಟಿ. ಕೆಲವು ದಿನ ನೀರಿನಲ್ಲಿ ಮುಳುಗಿದ್ದರೂ, ಬೇಸಗೆಯಲ್ಲಿ ಸುಟ್ಟು ಬೂದಿಯ ಬಣ್ಣಕ್ಕೆ ತಿರುಗಿದರೂ, ಗೆಣ್ಣುಗಳಿಂದ ಮತ್ತೆ ಚಿಗುರುತ್ತದೆ. ಅದರ ಬೇರುಗಳೂ ಎರೆಹುಳುಗಳೂ ಜೇಡಿಯಲ್ಲಿ ಕೊರೆಯುವ ದಾರಿಗಳನ್ನು ಯಾವ ಗುತ್ತಿಗೆದಾರನೂ ಕೊರೆಯಲಾರ. ವರ್ಷಕ್ಕೆರಡು ಬಾರಿ ಹುಡಿಗೊಬ್ಬರವನ್ನು ಮೇಲೆ ಎರಚಿದರೆ ಮೂರು ನಾಲ್ಕು ವರ್ಷಗಳಲ್ಲಿ ಮೇಲ್ಪದರದ ಮಣ್ಣಿನ ಗುಣವೇ ಬದಲಾಗುತ್ತದೆ. ನೀರು ಹೆಚ್ಚು ನಿಲ್ಲುವ ಮೂಲೆಯಲ್ಲಿ ಲಾವಂಚವನ್ನು ನೆಡಬಹುದು. ಅದರ ಬೇರು ಆಳಕ್ಕೆ ಇಳಿಯುತ್ತದೆ, ನಿಂತ ನೀರಿಗೂ ಅಂಜುವುದಿಲ್ಲ.

ಇವೆಲ್ಲವನ್ನೂ ಅರಿತೂ ಹಾಸನ್ನೇ ಹಾಸಿಸುವವರು ಕೆಲಸವನ್ನು ಕ್ರಮದಿಂದ ಮಾಡಿಸಲಿ. 150 ಮಿಲಿಮೀಟರು ಆಳಕ್ಕೆ ಜೇಡಿಯನ್ನು ತೆಗೆದು, ತೋಡಿದ ತಳಕ್ಕೇ ಮನೆಯ ಗೋಡೆಯಿಂದ ಹೊರಕ್ಕೆ ನೂರಕ್ಕೆ ಒಂದರಂತೆ ಇಳಿಜಾರು ಕೊಡಬೇಕು. ಇಳಿಜಾರು ಮೇಲಿನ ಹಾಸಿನಲ್ಲಿ ಮಾತ್ರ ಇದ್ದರೆ ನಿಷ್ಫಲ. ಗೋಡೆಯ ಕಡೆಗೆ ನೀರು ತಿರುಗಿದರೆ ಪಾಯದ ಜೇಡಿ ಉಬ್ಬಿ ಗೋಡೆ ಬಿರಿಯುತ್ತದೆ. ತಳದ ಮೇಲೆ ನೀರು ಬಿಡುವ, ಮಣ್ಣು ತಡೆಯುವ ಜಿಯೋಟೆಕ್ಸ್‌ಟೈಲ್ ಬಟ್ಟೆಯನ್ನು ಹಾಸಬೇಕು. ಅಗ್ಗವೆಂದು ಪಾಲಿಥೀನ್ ಹಾಳೆಯನ್ನು ಹಾಸುವವರೂ ಉಂಟು. ಅದು ತೊಟ್ಟಿಗೆ ಗಾರೆ ಬಳಿದಂತೆ. ಅದರ ಮೇಲೆ ಪುಡಿಯಿಲ್ಲದ, ಮೂಲೆ ಚೂಪಾದ ಜಲ್ಲಿ, ತಗ್ಗಿನ ಅಂಚಿನಲ್ಲಿ ರಂಧ್ರದ ಕೊಳವೆ, ಆ ಕೊಳವೆಗೆ ಬೀದಿಯ ನೀರು ಹಿಮ್ಮರಳದಂತೆ ತಡೆಯುವ ಕವಾಟ. ಎಳೆಗಳ ನಡುವೆ ತೊಳೆದ ಮರಳನ್ನೇ ತುಂಬಿಸಬೇಕು, ಟೈರಿನ ಕಾಳನ್ನಲ್ಲ. ಅಂಗಳವನ್ನು ಮಣ್ಣು ತುಂಬಿ ಎತ್ತರಿಸುವ ಉಪಾಯವನ್ನು ಗುತ್ತಿಗೆದಾರರು ಸೂಚಿಸುವುದುಂಟು. ಅದರಿಂದ ತಮ್ಮ ನೀರು ನೆರೆಯವರ ಮನೆಗೆ ಹೋಗುತ್ತದೆಂಬುದನ್ನು ಅವರು ಹೇಳುವುದಿಲ್ಲ, ಕೇಳುವವರೂ ಕಡಮೆ.

ಎಲ್ಲಕ್ಕಿಂತ ಮುಖ್ಯವಾದದ್ದು ಮಳೆನೀರಿನ ಇಂಗುಗುಂಡಿ. ತಮಿಳುನಾಡಿನಲ್ಲಿ 2003ರಿಂದ ಎಲ್ಲ ಕಟ್ಟಡಗಳಿಗೂ ಮಳೆನೀರು ಸಂಗ್ರಹಣೆ ಕಡ್ಡಾಯವಾಗಿದೆ, ಮತ್ತು ಜೇಡಿಯ ಬಡಾವಣೆಗಳಲ್ಲಿ ಗುಂಡಿಯ ತಳದಿಂದ ಜೇಡಿಯ ಪದರವನ್ನು ದಾಟಿ ಮರಳಿನವರೆಗೆ ಕೊಳವೆ ಇಳಿಸಿದ್ದರೆ ಮಾತ್ರ ಅದರಿಂದ ಪ್ರಯೋಜನ. ಹಾಸು ಹಾಸಲು ಬರುವ ಆಳುಗಳಿಗೆ ಇದು ನೆಲದ ಮೇಲಣ ಒಂದು ತೂತಾಗಿ ಮಾತ್ರ ಕಾಣುತ್ತದೆ. ಸಿಮೆಂಟು ಸುರಿದು ಸಮಮಾಡಿಬಿಟ್ಟರೆ ಮನೆಯವರಿಗೆ ತಿಳಿಯುವುದು ಬಾವಿ ಬತ್ತಿದ ಮೇಲೆ. ಕೆಲಸವನ್ನು ಫೆಬ್ರವರಿಯಿಂದ ಮೇ ತಿಂಗಳೊಳಗೆ, ನೆಲ ಒಣಗಿರುವಾಗ ಮಾಡಿಸಬೇಕು. ಮನೆಯವರಲ್ಲಿ ಒಬ್ಬರು ಆ ದಿನ ಎದುರಿನಲ್ಲಿಯೇ ನಿಂತು, ಗುಂಡಿಯ ಮುಚ್ಚಳವು ಹಾಸಿನ ಮಟ್ಟಕ್ಕೆ ಮೇಲೆದ್ದು ಕಾಣುವಂತೆ ಉಳಿದಿದೆಯೇ, ಕೈಯಿಂದ ಎತ್ತಿದರೆ ತೆರೆಯುತ್ತದೆಯೇ ಎಂಬುದನ್ನು ನೋಡಿ, ಒಂದೆರಡು ಕೊಡ ನೀರು ಹೊಯ್ದು ಅದು ಇಳಿಯುವುದನ್ನು ಕಣ್ಣಾರೆ ಕಂಡ ಮೇಲೆಯೇ ಆಳುಗಳ ಕೂಲಿಯನ್ನು ಎಣಿಸಿ ಕೊಡಬೇಕು.